ಪೇಟೆಯ ಮುಖ್ಯ ಬೀದಿಯಲ್ಲಿ ಸರಣಿ ಮಳಿಗೆಯ ಹೊಸ ಶಾಖೆ: ಜಾಗದ ಹುಡುಕಾಟದಿಂದ ಮೊದಲ ಮೂರು ತಿಂಗಳವರೆಗೆ

ಹತ್ತಾರು ಶಾಖೆಗಳಿರುವ ಸಂಸ್ಥೆಗೆ ಇನ್ನೊಂದು ಶಾಖೆ ತೆರೆಯುವುದು ಹೊರನೋಟಕ್ಕೆ ಸುಲಭದ ಕೆಲಸ. ಹೆಸರು ಜನಕ್ಕೆ ಪರಿಚಿತ, ಸರಕು ಪೂರೈಸುವವರು ಮೊದಲೇ ಇದ್ದಾರೆ, ಬಿಲ್ಲಿಂಗ್ ವ್ಯವಸ್ಥೆ ಸಿದ್ಧವಿದೆ, ಬೋರ್ಡಿನ ಬಣ್ಣ ಕೂಡ ನಿಗದಿಯಾಗಿದೆ. ಗೊತ್ತಿಲ್ಲದಿರುವುದು ಆ ಬೀದಿ ಮಾತ್ರ. ಮಾಲ್‌ನಲ್ಲಾದರೆ ಜನರನ್ನು ಕರೆತರಲು, ವಾಹನ ನಿಲ್ಲಿಸಲು ಜಾಗ ಕೊಡಲು, ಪಕ್ಕದ ಅಂಗಡಿ ಯಾವುದಿರಬೇಕೆಂದು ತೀರ್ಮಾನಿಸಲು ಒಂದು ಆಡಳಿತವಿರುತ್ತದೆ. ಮುಖ್ಯ ಬೀದಿಗೆ ಅಂಥ ಯಜಮಾನರಿಲ್ಲ. ಅಲ್ಲಿನ ಒಂದೊಂದು ಕಟ್ಟಡಕ್ಕೂ ಬೇರೆ ಮಾಲೀಕರು, ಒಂದೊಂದು ಅಂಗಡಿಗೂ ಬೇರೆ ವೇಳೆ, ಬೆಳಗ್ಗೆ ಒಂದು ಬಗೆಯ ಜನ, ಸಂಜೆ ಇನ್ನೊಂದು ಬಗೆಯ ಜನ.

ಸಂಸ್ಥೆಯ ಪರವಾಗಿ ಹೊಸ ಶಾಖೆಯ ಹೊಣೆ ಹೊತ್ತವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಹೆಜ್ಜೆಗಳ ಅನುಕ್ರಮವನ್ನು ದಯವಿಟ್ಟು ತಪ್ಪಿಸಬೇಡಿ, ಏಕೆಂದರೆ ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ: ತಪ್ಪು ಜಾಗದಲ್ಲಿಟ್ಟ ರ್ಯಾಕನ್ನು ಒಂದು ರಾತ್ರಿಯಲ್ಲಿ ಸರಿಸಬಹುದು, ತಪ್ಪು ಸರಕನ್ನು ಒಂದು ತಿಂಗಳಲ್ಲಿ ಬದಲಿಸಬಹುದು, ಆದರೆ ತಪ್ಪು ಕಟ್ಟಡಕ್ಕೆ ಮಾಡಿಕೊಂಡ ಬಾಡಿಗೆ ಕರಾರು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಆರಂಭದ ಹೆಜ್ಜೆಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದಕ್ಕೆ ಇದೇ ಕಾರಣ.

ಹೆಜ್ಜೆ 1: ಊರನ್ನು ಅಳೆಯಿರಿ

ಬೀದಿಯನ್ನು ನೋಡುವ ಮೊದಲು, ಆ ಪೇಟೆಗೆ ಜನ ಎಷ್ಟು ದೂರದಿಂದ ಬರುತ್ತಾರೆ ಎಂಬುದನ್ನು ಅಂದಾಜು ಮಾಡಬೇಕು. ಇದಕ್ಕೆ ಹಳೆಯದಾದರೂ ಉಪಯುಕ್ತವಾದ ಒಂದು ಸೂತ್ರವಿದೆ. ಅಮೆರಿಕದ ವಿಲಿಯಂ ಜೆ. ರೈಲಿ 1931ರಲ್ಲಿ ಮಂಡಿಸಿದ ನಿಯಮದ ಪ್ರಕಾರ, ಎರಡು ಪೇಟೆಗಳು ನಡುವಿನ ಹಳ್ಳಿಯ ಗಿರಾಕಿಗಳನ್ನು ಸೆಳೆಯುವ ಶಕ್ತಿ ಆಯಾ ಊರಿನ ಜನಸಂಖ್ಯೆ ಹೆಚ್ಚಿದಂತೆ ಹೆಚ್ಚುತ್ತದೆ, ದೂರದ ವರ್ಗಕ್ಕೆ, ಅಂದರೆ ದೂರವನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ, ತಕ್ಕಂತೆ ಕುಗ್ಗುತ್ತದೆ. ಉದಾಹರಣೆಗೆ, 30 ಕಿ.ಮೀ. ಅಂತರದಲ್ಲಿರುವ ಎರಡು ಊರುಗಳಲ್ಲಿ ಒಂದು ಇನ್ನೊಂದಕ್ಕಿಂತ ನಾಲ್ಕು ಪಟ್ಟು ದೊಡ್ಡದಾಗಿದ್ದರೆ, ಸೆಳೆತ ಸಮನಾಗುವ ಬಿಂದು ಚಿಕ್ಕ ಊರಿನಿಂದ 10 ಕಿ.ಮೀ. ದೂರದಲ್ಲಿ ಬೀಳುತ್ತದೆ. ಚಿಕ್ಕ ಊರಿನಲ್ಲಿ ಶಾಖೆ ತೆರೆಯುವವರು, ಆ 10 ಕಿ.ಮೀ. ಆಚೆಗಿನ ಮನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮುನ್ನ ಎರಡು ಬಾರಿ ಯೋಚಿಸಬೇಕು.

ಮುಂದೆ 1960ರ ದಶಕದಲ್ಲಿ ಡೇವಿಡ್ ಹಫ್ ಈ ಚಿಂತನೆಯನ್ನು ಇನ್ನಷ್ಟು ಸೂಕ್ಷ್ಮಗೊಳಿಸಿ, ಗಡಿರೇಖೆಯ ಬದಲು ಸಾಧ್ಯತೆಯ ಲೆಕ್ಕವನ್ನು ತಂದರು: ಒಂದು ಮನೆಯವರು ಇಂಥ ಮಳಿಗೆಗೇ ಹೋಗುತ್ತಾರೆ ಎನ್ನುವುದಕ್ಕಿಂತ, ಅಂಗಡಿಯ ವಿಸ್ತೀರ್ಣ ಮತ್ತು ಪಯಣದ ಸಮಯವನ್ನು ತೂಗಿ ನೋಡಿ, ಹತ್ತು ಬಾರಿಯಲ್ಲಿ ಎಷ್ಟು ಬಾರಿ ಹೋಗಬಹುದು ಎಂದು ಕೇಳುವ ವಿಧಾನವದು. ಇಂದು ಇಂಥ ಲೆಕ್ಕವನ್ನು ತಂತ್ರಾಂಶವೇ ಮಾಡಿಕೊಡುತ್ತದೆ. ಆದರೆ ನಡುವೆ ಸೇತುವೆಯಿಲ್ಲದ ಹೊಳೆಯಿದೆಯೇ, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ರೈಲ್ವೆ ಗೇಟು ದಿನಕ್ಕೆ ಎಷ್ಟು ಬಾರಿ ಮುಚ್ಚುತ್ತದೆ ಎಂಬುದನ್ನು ನೀವೇ ಹೋಗಿ ತಿಳಿದು ಬರಬೇಕು.

ಇದೇ ಹಂತದಲ್ಲಿ ಕೇಳಿಕೊಳ್ಳಬೇಕಾದ, ಕೇಳಿಕೊಳ್ಳಲು ಯಾರೂ ಇಷ್ಟಪಡದ ಪ್ರಶ್ನೆಯೊಂದಿದೆ: ಹೊಸ ಶಾಖೆಗೆ ಬರುವ ಗಿರಾಕಿಗಳಲ್ಲಿ ಎಷ್ಟು ಮಂದಿ ಈಗಾಗಲೇ ನಮ್ಮದೇ ಹತ್ತಿರದ ಶಾಖೆಗೆ ಬರುತ್ತಿರುವವರು? ಒಂದು ಜೇಬಿನಿಂದ ತೆಗೆದು ಇನ್ನೊಂದು ಜೇಬಿಗೆ ಹಾಕಿಕೊಳ್ಳುವುದು ವ್ಯಾಪಾರದ ಬೆಳವಣಿಗೆಯಲ್ಲ. ಹೊಸ ಶಾಖೆಯ ಅಂದಾಜು ವಹಿವಾಟಿನಿಂದ ಹಳೆಯ ಶಾಖೆ ಕಳೆದುಕೊಳ್ಳಬಹುದಾದ ವಹಿವಾಟನ್ನು ಕಳೆದು, ಉಳಿದ ಮೊತ್ತವನ್ನೇ ಆಡಳಿತ ಮಂಡಳಿಯ ಮುಂದಿಡಬೇಕು.

ಹೆಜ್ಜೆ 2: ಬೀದಿಯಲ್ಲಿ ನಿಂತು ಎಣಿಸಿ

ಈ ಹೆಜ್ಜೆಗೆ ಪರ್ಯಾಯವಿಲ್ಲ. ಮೊಬೈಲ್ ಸಂಚಾರದ ದತ್ತಾಂಶ ಕೊಂಡರೂ, ದಲ್ಲಾಳಿಯ ವರದಿ ಕೈಗೆ ಬಂದರೂ, ಒಬ್ಬರು ನೋಟ್‌ಬುಕ್ ಹಿಡಿದು ಬೀದಿಯ ಬದಿಯಲ್ಲಿ ನಿಲ್ಲಲೇಬೇಕು. ಪ್ರತಿ ಗಂಟೆಯಲ್ಲಿ 15 ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಗಂಟೆಯ ಅಂದಾಜು ಸಿಗುತ್ತದೆ. ಬೀದಿಯ ಎರಡೂ ಬದಿಗಳನ್ನು ಬೇರೆ ಬೇರೆಯಾಗಿ ಎಣಿಸಿ, ಏಕೆಂದರೆ ಒಂದೇ ಬೀದಿಯ ಎರಡು ಬದಿಗಳು ವ್ಯಾಪಾರದ ದೃಷ್ಟಿಯಿಂದ ಎರಡು ಬೇರೆ ಬೀದಿಗಳೇ ಆಗಿರುವುದುಂಟು. ಮಧ್ಯಾಹ್ನದ ಬಿಸಿಲು ಯಾವ ಬದಿಗೆ ಬೀಳುತ್ತದೆ, ಬಸ್ ನಿಲ್ದಾಣ ಯಾವ ಬದಿಗಿದೆ, ರಸ್ತೆ ದಾಟುವ ಪಟ್ಟಿ ಎಲ್ಲಿದೆ ಎಂಬಷ್ಟರಿಂದಲೇ ಜನ ಹಂಚಿಹೋಗುತ್ತಾರೆ. ವಾರದ ನಡುವಿನ ಒಂದು ದಿನ, ರಜೆಯ ಒಂದು ದಿನ, ಸಂಬಳವಾದ ಮೇಲಿನ ಒಂದು ದಿನ ಮತ್ತು ಸಾಧ್ಯವಾದರೆ ಮಳೆಯ ಒಂದು ದಿನ, ಹೀಗೆ ಕನಿಷ್ಠ ನಾಲ್ಕು ದಿನಗಳ ಎಣಿಕೆ ಇರಲಿ.

ಸಂಖ್ಯೆಯ ಜೊತೆಗೆ ನಡಿಗೆಯನ್ನೂ ಗಮನಿಸಿ. ಸಂಜೆ ಆರರ ಹೊತ್ತಿಗೆ ಕಾಲಿಡಲು ಜಾಗವಿಲ್ಲದಷ್ಟು ಜನ ಓಡಾಡುವ ಜಾಗ ಕಂಡು ಹಿಗ್ಗಿದವರು ಅನೇಕರಿದ್ದಾರೆ. ಆ ಜನರೆಲ್ಲ ಬಸ್ಸು ಹಿಡಿಯಲು ಧಾವಿಸುತ್ತಿದ್ದರು, ಯಾರ ಕೈಯಲ್ಲೂ ಚೀಲವಿರಲಿಲ್ಲ ಎಂಬುದು ಅವರ ಕಣ್ಣಿಗೆ ಬಿದ್ದಿರುವುದಿಲ್ಲ. ನಿಧಾನವಾಗಿ ನಡೆಯುವವರು ಎಷ್ಟು, ಅಂಗಡಿಯ ಗಾಜಿನತ್ತ ಕತ್ತು ಹೊರಳಿಸುವವರು ಎಷ್ಟು, ಕೈಚೀಲ ಹಿಡಿದವರು ಎಷ್ಟು ಎಂದು ಪ್ರತ್ಯೇಕವಾಗಿ ಬರೆದಿಡಿ. ಹಾದುಹೋಗುವವರಿಗಿಂತ ನಿಲ್ಲುವವರ ಸಂಖ್ಯೆ ಮುಖ್ಯ.

ನೆರೆಹೊರೆಯ ಅಂಗಡಿಗಳನ್ನೂ ಈ ವೇಳೆಯಲ್ಲೇ ಓದಬೇಕು. ನಿಮ್ಮ ಕಟ್ಟಡಕ್ಕೂ ಜನ ಸೇರುವ ಜಾಗಕ್ಕೂ ನಡುವೆ ಮುಚ್ಚಿದ ಷಟರ್‌ಗಳು, ಉದ್ದನೆಯ ಕಾಂಪೌಂಡ್ ಗೋಡೆ ಅಥವಾ ಸಂಜೆ ಬೇಗ ಬಾಗಿಲು ಹಾಕುವ ಕಚೇರಿಗಳಿದ್ದರೆ, ಜನ ಅಲ್ಲಿಂದಲೇ ಹಿಂತಿರುಗುತ್ತಾರೆ. ಇನ್ನು ಪ್ರತಿಸ್ಪರ್ಧಿ ಪಕ್ಕದಲ್ಲೇ ಇದ್ದರೆ ಅದು ತೊಂದರೆಯೇ ಆಗಬೇಕೆಂದಿಲ್ಲ. ಎದುರಾಳಿ ವ್ಯಾಪಾರಿಗಳು ಒಂದೇ ಕಡೆ ಗುಂಪುಗೂಡುವುದೇಕೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1929ರಷ್ಟು ಹಿಂದೆಯೇ ಗಣಿತದ ಮೂಲಕ ವಿವರಿಸಿದ್ದರು. ಬಟ್ಟೆ, ಪಾದರಕ್ಷೆ, ಒಡವೆಯಂತಹ, ನಾಲ್ಕು ಕಡೆ ನೋಡಿ ಕೊಳ್ಳುವ ಸರಕಿಗೆ ಗುಂಪು ಲಾಭದಾಯಕ. ಅವಸರಕ್ಕೆ ಕೊಳ್ಳುವ ದಿನಬಳಕೆಯ ಸರಕಿಗೆ ಮಾತ್ರ ಹತ್ತಿರದ ಪ್ರತಿಸ್ಪರ್ಧಿ ನೇರವಾಗಿ ಗಿರಾಕಿಯನ್ನು ಕಸಿಯುತ್ತಾನೆ.

ಎಣಿಕೆ ಕೈಗೆ ಬಂದ ಮೇಲೆ ಒಂದು ಸರಳ ಲೆಕ್ಕ ಹಾಕಿ. ಗಂಟೆಗೆ ಸರಾಸರಿ 400 ಜನರಂತೆ 10 ಗಂಟೆಯಲ್ಲಿ 4,000 ಮಂದಿ ಹಾದುಹೋಗುತ್ತಾರೆ ಎನ್ನೋಣ. ನೂರಕ್ಕೆ ಐದು ಮಂದಿ ಒಳಬಂದರೆ 200, ಅವರಲ್ಲಿ ಹತ್ತಕ್ಕೆ ಮೂವರು ಕೊಂಡರೆ ದಿನಕ್ಕೆ 60 ಬಿಲ್‌ಗಳು. ಒಂದು ಸರಾಸರಿ ಬಿಲ್ಲಿನಲ್ಲಿ, ಸರಕಿನ ಅಸಲು ಕಳೆದು ಉಳಿಯುವ ಮೊತ್ತವನ್ನು 60ರಿಂದ ಗುಣಿಸಿ, ಬಂದ ಉತ್ತರವನ್ನು ದಿನದ ಬಾಡಿಗೆ, ಸಂಬಳ, ವಿದ್ಯುತ್ ಹಾಗೂ ಸಾಗಣೆಯ ಖರ್ಚಿನ ಪಕ್ಕದಲ್ಲಿಡಿ. ಐದು ಮತ್ತು ಮೂರು ಎಂಬ ಈ ಅಂಕಿಗಳು ಕೇವಲ ಉದಾಹರಣೆ. ನಿಮ್ಮ ಸಂಸ್ಥೆಯ ಅದೇ ಗಾತ್ರದ ಬೇರೆ ಶಾಖೆಯ ನಿಜವಾದ ಅಂಕಿಗಳನ್ನು ಅಲ್ಲಿ ಹಾಕಬೇಕು. ಲೆಕ್ಕ ಹೊಂದಬೇಕಾದರೆ ನೂರಕ್ಕೆ ಹದಿನೈದು ಮಂದಿ ಒಳಬರಲೇಬೇಕು ಎಂಬಂತಾದರೆ ಆ ಕಟ್ಟಡವನ್ನು ಅಲ್ಲಿಗೇ ಬಿಟ್ಟುಬಿಡಿ.

ಹೆಜ್ಜೆ 3: ಕಟ್ಟಡದ ಮುಖ ಮತ್ತು ಬೆನ್ನು

ಚದರಡಿಯ ಲೆಕ್ಕ ಮೋಸಗೊಳಿಸುತ್ತದೆ. ಬೀದಿಗೆ ತೆರೆದುಕೊಂಡ ಭಾಗಕ್ಕೆ ಇರುವ ಬೆಲೆ ಒಳಗಿನ ಮೂಲೆಗಿಲ್ಲ. ಬ್ರಿಟನ್ನಿನ ಆಸ್ತಿ ಮೌಲ್ಯಮಾಪಕರು ಇದನ್ನು ಲೆಕ್ಕದಲ್ಲೇ ಹಿಡಿದಿಟ್ಟಿದ್ದಾರೆ: ಗಾಜಿನ ಮುಂಭಾಗದಿಂದ ಮೊದಲ 6.1 ಮೀಟರ್, ಅಂದರೆ 20 ಅಡಿ, ಆಳದವರೆಗಿನ ಜಾಗಕ್ಕೆ ಪೂರ್ಣ ದರ, ಮುಂದಿನ 6.1 ಮೀಟರ್‌ಗೆ ಅರ್ಧ, ಅದರ ಮುಂದಿನದಕ್ಕೆ ಅದರರ್ಧ. ಈ ವಿಧಾನದಲ್ಲಿ 6 ಮೀಟರ್ ಅಗಲ, 18.3 ಮೀಟರ್ ಆಳದ ಮಳಿಗೆಗಿಂತ, ಅಷ್ಟೇ ವಿಸ್ತೀರ್ಣದ 12 ಮೀಟರ್ ಅಗಲ, 9.15 ಮೀಟರ್ ಆಳದ ಮಳಿಗೆಯ ಮೌಲ್ಯ ಶೇ 43ರಷ್ಟು ಹೆಚ್ಚಾಗುತ್ತದೆ. ಎಲ್ಲ ಕಡೆ ಈ ಪದ್ಧತಿ ಬಳಕೆಯಲ್ಲಿಲ್ಲದಿದ್ದರೂ ಬಾಡಿಗೆಯ ಮಾತುಕತೆಗೆ ಕೂರುವ ಮುನ್ನ ಇಂಥದೊಂದು ಲೆಕ್ಕವನ್ನು ಮಾಡಿಟ್ಟುಕೊಳ್ಳುವುದು ಲೇಸು. ಮೇಲಿನ ಮಹಡಿಯನ್ನು ನೆಲಮಹಡಿಯ ದರದಲ್ಲಿ ಒಪ್ಪಿಕೊಳ್ಳುವ ತಪ್ಪನ್ನಂತೂ ಮಾಡಬೇಡಿ.

ಮುಖ ನೋಡಿದ ಮೇಲೆ ಬೆನ್ನು ನೋಡಿ. ಸರಕಿನ ಲಾರಿ ಎಲ್ಲಿ ನಿಲ್ಲುತ್ತದೆ, ಯಾವ ವೇಳೆಯಲ್ಲಿ ನಿಲ್ಲಲು ಅನುಮತಿಯಿದೆ, ಪೆಟ್ಟಿಗೆಗಳು ಗಿರಾಕಿಯ ಬಾಗಿಲಿನಿಂದಲೇ ಒಳಬರಬೇಕೇ, ಖಾಲಿ ರಟ್ಟು ಎಲ್ಲಿಗೆ ಹೋಗುತ್ತದೆ? ವಿದ್ಯುತ್ ಸಂಪರ್ಕ ಎಷ್ಟು ಕಿಲೋವ್ಯಾಟ್ ತಾಳಿಕೊಳ್ಳುತ್ತದೆ, ತುರ್ತು ನಿರ್ಗಮನದ ಎರಡನೆಯ ದಾರಿ ಇದೆಯೇ, ಬಾಗಿಲ ಬಳಿ ಮೆಟ್ಟಿಲಿದ್ದರೆ ಗಾಲಿಕುರ್ಚಿಗೆ ಇಳಿಜಾರು ಕಟ್ಟಲು ಜಾಗ ಸಾಲುತ್ತದೆಯೇ? ಹಳೆಯ ಪೇಟೆಗಳ ಕಟ್ಟಡಗಳಲ್ಲಿ ಕಂಬಗಳು ಎಲ್ಲೆಂದರಲ್ಲಿ ಎದ್ದಿರುತ್ತವೆ. ಪ್ರಧಾನ ಕಚೇರಿಯ ಸಿದ್ಧ ನಕ್ಷೆ ಅಲ್ಲಿ ಕೂರುವುದಿಲ್ಲ. ಎಂಜಿನಿಯರ್ ಒಬ್ಬರನ್ನು ಕರೆದೊಯ್ದು ಛಾವಣಿ, ನೀರಿನ ಸೋರಿಕೆ ಮತ್ತು ನೆಲದ ಭಾರ ತಾಳುವ ಶಕ್ತಿಯನ್ನು ಪರೀಕ್ಷಿಸಿದ ಮೇಲೆಯೇ ಮುಂದಿನ ಹೆಜ್ಜೆ.

ಹೆಜ್ಜೆ 4: ಬಾಡಿಗೆ ಕರಾರು

ಬಾಡಿಗೆಯ ಮೊತ್ತದ ಮೇಲೆ ಮೂರು ವಾರ ಚೌಕಾಸಿ ಮಾಡಿ, ಉಳಿದ ಷರತ್ತುಗಳನ್ನು ಮೂರು ನಿಮಿಷದಲ್ಲಿ ಒಪ್ಪಿಬಿಡುವುದು ಸಾಮಾನ್ಯವಾಗಿ ಕಂಡುಬರುವ ವರ್ತನೆ. ನನ್ನ ಅಭಿಪ್ರಾಯದಲ್ಲಿ ಇದು ತಿರುವುಮುರುವಾದ ಕ್ರಮ. ಕಾನೂನು ದೇಶದಿಂದ ದೇಶಕ್ಕೆ ಬೇರೆಯಾದುದರಿಂದ ಸ್ಥಳೀಯ ವಕೀಲರ ನೆರವು ಅಗತ್ಯ. ಆದರೆ ವಕೀಲರಿಗೆ ಏನು ಕೇಳಬೇಕೆಂದು ನಿಮಗೆ ಗೊತ್ತಿರಬೇಕು.

ಮೊದಲನೆಯದಾಗಿ, ಸಹಿ ಹಾಕುವವರಿಗೆ ಆ ಆಸ್ತಿಯನ್ನು ಬಾಡಿಗೆಗೆ ಕೊಡುವ ಹಕ್ಕಿದೆಯೇ, ಆಸ್ತಿಯ ಮೇಲೆ ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಬೇಕೇ ಎಂಬುದನ್ನು ದಾಖಲೆ ನೋಡಿ ಖಚಿತಪಡಿಸಿಕೊಳ್ಳಿ. ಬಾಡಿಗೆ ಯಾವ ಅಳತೆಯ ಮೇಲೆ ಎಂಬುದು ಸ್ಪಷ್ಟವಾಗಿರಲಿ: ಗೋಡೆಯ ದಪ್ಪ, ಮೆಟ್ಟಿಲು, ಸಾಮಾನ್ಯ ಜಾಗವೆಲ್ಲ ಸೇರಿದ ಅಳತೆಗೂ ನಿಜವಾಗಿ ಬಳಕೆಗೆ ಸಿಗುವ ನೆಲದ ಅಳತೆಗೂ ಇರುವ ವ್ಯತ್ಯಾಸಕ್ಕೆ ನೀವು ಪ್ರತಿ ತಿಂಗಳೂ ಹಣ ತೆರುತ್ತೀರಿ.

ಎರಡನೆಯದಾಗಿ, ಬಾಡಿಗೆ ಯಾವಾಗಿನಿಂದ ಶುರು? ಕೀಲಿಕೈ ಕೈಗೆ ಬಂದ ದಿನದಿಂದಲೋ, ಅಂಗಡಿ ತೆರೆದ ದಿನದಿಂದಲೋ? ಒಳಾಂಗಣದ ಕೆಲಸಕ್ಕೆ ಬೇಕಾದ ಅವಧಿಗೆ ಬಾಡಿಗೆ ರಿಯಾಯಿತಿ ಕೇಳುವುದು ರೂಢಿಯಲ್ಲಿದೆ, ಕೇಳದವರಿಗೆ ಸಿಗುವುದಿಲ್ಲ. ಇದರ ಜೊತೆಗೆ, ಅಗತ್ಯ ಪರವಾನಗಿಗಳು ದೊರೆಯದಿದ್ದಲ್ಲಿ ಕರಾರು ರದ್ದಾಗಿ ಮುಂಗಡ ಹಿಂದಿರುಗಬೇಕೆಂಬ ಷರತ್ತನ್ನು ತಪ್ಪದೆ ಸೇರಿಸಿ. ಈ ಒಂದು ವಾಕ್ಯವಿಲ್ಲದ ಕರಾರಿಗೆ ಸಹಿ ಹಾಕಿ, ತೆರೆಯಲಾಗದ ಅಂಗಡಿಗೆ ತಿಂಗಳುಗಟ್ಟಲೆ ಬಾಡಿಗೆ ಕಟ್ಟುವ ಪರಿಸ್ಥಿತಿ ಯಾರಿಗೂ ಬೇಡ.

ಮೂರನೆಯದು, ಹೊರಬರುವ ದಾರಿ. ಅವಧಿಯ ನಡುವೆ, ಉದಾಹರಣೆಗೆ ಮೂರನೆಯ ವರ್ಷದ ಕೊನೆಯಲ್ಲಿ, ಮುಂಚಿತವಾಗಿ ನೋಟಿಸ್ ಕೊಟ್ಟು ಬಿಡುಗಡೆ ಪಡೆಯುವ ಹಕ್ಕು ನಿಮಗಿರಲಿ. ಬಿಡುವಾಗ ಕಟ್ಟಡವನ್ನು ಮೊದಲಿದ್ದಂತೆಯೇ ಮಾಡಿಕೊಡಬೇಕೆಂಬ ಷರತ್ತಿದ್ದರೆ, ಮೊದಲು ಹೇಗಿತ್ತು ಎಂಬುದಕ್ಕೆ ಸಾಕ್ಷಿ ಬೇಕು. ಕೀಲಿಕೈ ಪಡೆದ ದಿನವೇ ಗೋಡೆ, ನೆಲ, ಛಾವಣಿಗಳ ಫೋಟೊ ತೆಗೆದು, ಎರಡೂ ಕಡೆಯವರ ಸಹಿಯೊಂದಿಗೆ ಕರಾರಿಗೆ ಲಗತ್ತಿಸುವುದು ಒಳ್ಳೆಯದು. ವಹಿವಾಟಿನ ಇಂತಿಷ್ಟು ಭಾಗವನ್ನು ಬಾಡಿಗೆಯಾಗಿ ಕೊಡುವ ಏರ್ಪಾಡು ಹೊಸ ಬೀದಿಗೆ ಕಾಲಿಡುವವರಿಗೆ ಹೊಂದಿಕೊಳ್ಳುತ್ತದೆ, ಏಕೆಂದರೆ ವ್ಯಾಪಾರ ಮಂದವಾದಾಗ ಬಾಡಿಗೆಯೂ ತಗ್ಗುತ್ತದೆ. ಆದರೆ ಆನ್‌ಲೈನ್‌ನಲ್ಲಿ ಕೊಂಡು ಅಂಗಡಿಯಲ್ಲಿ ಪಡೆದ ಸರಕು ಮತ್ತು ಹಿಂದಿರುಗಿಸಿದ ಸರಕು ವಹಿವಾಟಿನ ಲೆಕ್ಕಕ್ಕೆ ಸೇರುತ್ತವೆಯೇ ಎಂಬುದನ್ನು ಬರವಣಿಗೆಯಲ್ಲೇ ತೀರ್ಮಾನಿಸಿಕೊಳ್ಳಬೇಕು. ಬೋರ್ಡು ಹಾಕುವ ಹಕ್ಕು, ದುರಸ್ತಿಯ ಹೊಣೆ, ಬಾಡಿಗೆ ಏರಿಕೆಯ ಪ್ರಮಾಣ, ಒಳಬಾಡಿಗೆಯ ಅವಕಾಶ ಇವೆಲ್ಲವೂ ಇದೇ ಪಟ್ಟಿಗೆ ಸೇರುತ್ತವೆ.

ಹೆಜ್ಜೆ 5: ಪರವಾನಗಿ, ಮತ್ತು ಆ ಬೀದಿಯ ಜನ

ವ್ಯಾಪಾರ ಪರವಾನಗಿ, ಕಟ್ಟಡದ ಬಳಕೆಯ ಅನುಮತಿ, ಅಗ್ನಿಸುರಕ್ಷತೆ, ತೂಕ ಅಳತೆ ಸಾಧನಗಳ ಪರಿಶೀಲನೆ, ನಾಮಫಲಕದ ಅನುಮತಿ, ಕೊನೆಗೆ ಅಂಗಡಿಯೊಳಗೆ ಹಾಕುವ ಹಾಡಿನ ಹಕ್ಕಿನವರೆಗೆ ಪಟ್ಟಿ ಉದ್ದವಾಗಿರುತ್ತದೆ. ಪ್ರತಿಯೊಂದಕ್ಕೂ ಅರ್ಜಿ ಹಾಕುವ ದಿನ, ಸಿಗಬಹುದಾದ ದಿನ ಮತ್ತು ಹೊಣೆಗಾರರ ಹೆಸರು ಬರೆದ ಒಂದು ಹಾಳೆ ಗೋಡೆಯ ಮೇಲಿರಲಿ. ಪಾರಂಪರಿಕ ಕಟ್ಟಡವಾದರೆ ಹೊಳೆಯುವ ಬೋರ್ಡಿಗೆ ಅನುಮತಿ ಸಿಗದೆಯೂ ಹೋಗಬಹುದು. ಅಂಥ ಕಡೆ ಬೋರ್ಡಿನ ಬಣ್ಣಕ್ಕಾಗಿ ಹಟ ಹಿಡಿದು ಆರು ತಿಂಗಳು ಕಳೆಯುವುದರಲ್ಲಿ ಅರ್ಥವಿಲ್ಲ.

ಕಾಗದಪತ್ರಕ್ಕಿಂತ ಕಷ್ಟವಾದದ್ದು ಬೀದಿಯ ಮನಸ್ಸು. ದೊಡ್ಡ ಸಂಸ್ಥೆ ಬಂದರೆ ತಮ್ಮ ಗತಿಯೇನು ಎಂಬ ಸಣ್ಣ ವ್ಯಾಪಾರಿಗಳ ಆತಂಕ ಇಂದಿನದಲ್ಲ. ಫ್ರಾನ್ಸ್ 1973ರಲ್ಲಿ, ಜಪಾನ್ ಅದೇ ದಶಕದಲ್ಲಿ, ದೊಡ್ಡ ಮಳಿಗೆಗಳ ಆಗಮನವನ್ನು ನಿಯಂತ್ರಿಸಲು ಕಾಯ್ದೆಗಳನ್ನೇ ತಂದವು. ಆದುದರಿಂದ ಬೋರ್ಡು ಏರುವ ಮೊದಲೇ ಅಕ್ಕಪಕ್ಕದ ವ್ಯಾಪಾರಿಗಳನ್ನು, ವರ್ತಕರ ಸಂಘದವರನ್ನು ಖುದ್ದಾಗಿ ಭೇಟಿ ಮಾಡಿ ನಿಮ್ಮ ಸರಕು, ವೇಳೆ ಮತ್ತು ಲಾರಿ ಬರುವ ಸಮಯವನ್ನು ತಿಳಿಸಿ. ಈಡೇರಿಸಲಾಗದ ಭರವಸೆ ಕೊಡಬೇಡಿ. ಇಷ್ಟು ಉದ್ಯೋಗ ಕೊಡುತ್ತೇವೆ ಎಂದು ಘೋಷಿಸಿ ಅದರ ಅರ್ಧ ಕೊಟ್ಟವರ ಹೆಸರು ಬೀದಿಯಲ್ಲಿ ಬಹಳ ಕಾಲ ಉಳಿಯುತ್ತದೆ, ಬೇಡದ ರೀತಿಯಲ್ಲಿ.

ಹೆಜ್ಜೆ 6: ಒಳಾಂಗಣ

ಗಿರಾಕಿ ತಾನೇ ಸರಕನ್ನು ಆರಿಸಿಕೊಂಡು ಗಲ್ಲಾದ ಬಳಿ ಹಣ ಕೊಡುವ ವ್ಯವಸ್ಥೆಗೆ ರೂಪ ಕೊಟ್ಟವರಲ್ಲಿ ಪ್ರಮುಖರು ಕ್ಲಾರೆನ್ಸ್ ಸಾಂಡರ್ಸ್. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಅವರು ತೆರೆದ ಪಿಗ್ಲಿ ವಿಗ್ಲಿ ಮಳಿಗೆಯಲ್ಲಿ ಪ್ರವೇಶದಿಂದ ಗಲ್ಲಾದವರೆಗೆ ಒಂದೇ ದಾರಿಯಿದ್ದು, ಗಿರಾಕಿ ಎಲ್ಲ ಸಾಲುಗಳನ್ನೂ ಹಾದು ಬರಬೇಕಿತ್ತು. ಅಂಥ ಬಲವಂತದ ದಾರಿ ಮುಖ್ಯ ಬೀದಿಯ ಚಿಕ್ಕ ಮಳಿಗೆಗೆ ಒಗ್ಗುವುದಿಲ್ಲ. ಇಲ್ಲಿ ಐದು ನಿಮಿಷದಲ್ಲಿ ಬಂದುಹೋಗುವವರೇ ಹೆಚ್ಚು. ಅವರಿಗೆ ಬೇಕಾದದ್ದು ಬಾಗಿಲಿಗೆ ಹತ್ತಿರದಲ್ಲಿ ಸಿಗಲಿ. ಆದರೆ ಬಾಗಿಲಿನ ಒಳಗಿನ ಮೊದಲ ಕೆಲವು ಹೆಜ್ಜೆಗಳ ಜಾಗದಲ್ಲಿ ಮುಖ್ಯವಾದ ಯಾವುದನ್ನೂ ಇಡಬೇಡಿ, ಬಿಸಿಲಿನಿಂದ ಒಳಬಂದ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಅದು ಹಿಂದೆ ಉಳಿದುಬಿಟ್ಟಿರುತ್ತದೆ. ಗಾಲಿಕುರ್ಚಿ ಸರಾಗವಾಗಿ ಸಾಗಲು ಸಾಲುಗಳ ನಡುವೆ ಸುಮಾರು 90 ಸೆಂ.ಮೀ. ಬೇಕು, ಇಬ್ಬರು ಎದುರುಬದುರಾಗಿ ಹಾಯಲು ಇನ್ನೂ ಹೆಚ್ಚು. ಗಲ್ಲಾದ ಸಾಲು ಬಾಗಿಲಿಗೆ ಅಡ್ಡ ಬಾರದಿರಲಿ.

ಹೆಜ್ಜೆ 7: ಸರಕು ಮತ್ತು ದತ್ತಾಂಶ

ಅಮೆರಿಕದ ಟಾರ್ಗೆಟ್ ಸಂಸ್ಥೆ 2013ರಲ್ಲಿ ಕೆನಡಾಕ್ಕೆ ಕಾಲಿಟ್ಟು, ಅಲ್ಪಾವಧಿಯಲ್ಲೇ 133 ಮಳಿಗೆಗಳನ್ನು ತೆರೆದು, 2015ರ ಜನವರಿಯಲ್ಲಿ ಎಲ್ಲವನ್ನೂ ಮುಚ್ಚುವುದಾಗಿ ಪ್ರಕಟಿಸಿತು. ಸೋಲಿಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಗಣಕದಲ್ಲಿ ದಾಖಲಾಗಿದ್ದ ಸರಕಿನ ವಿವರಗಳಲ್ಲಿ ತಪ್ಪುಗಳು ತುಂಬಿಕೊಂಡಿದ್ದುದು. ಅಳತೆ, ಪೆಟ್ಟಿಗೆಯೊಳಗಿನ ಸಂಖ್ಯೆಗಳಂಥ ವಿವರಗಳು ತಪ್ಪಾದಾಗ ಗೋದಾಮು ತುಂಬಿ ತುಳುಕುತ್ತಿದ್ದರೂ ಅಂಗಡಿಯ ರ್ಯಾಕ್ ಬರಿದಾಗಿರುತ್ತದೆ. ಖಾಲಿ ರ್ಯಾಕ್ ಕಂಡು ಹೊರಟ ಗಿರಾಕಿಗೆ ಗೋದಾಮಿನ ಕಥೆ ಬೇಕಿಲ್ಲ.

ಆದಕಾರಣ, ಮಳಿಗೆ ತೆರೆಯುವ ಎರಡು ವಾರ ಮೊದಲು ರ್ಯಾಕಿನಲ್ಲಿರುವ ಪ್ರತಿ ಬಗೆಯ ಸರಕಿನಿಂದ ಒಂದೊಂದನ್ನು ತೆಗೆದು ಬಾರ್‌ಕೋಡ್ ಸ್ಕ್ಯಾನ್ ಮಾಡಿಸಿ, ಪರದೆಯಲ್ಲಿ ಬರುವ ಹೆಸರು, ಬೆಲೆ ಮತ್ತು ತೆರಿಗೆಯನ್ನು ರ್ಯಾಕಿನ ಚೀಟಿಯೊಂದಿಗೆ ಹೋಲಿಸಿ. ಬೇಸರದ ಕೆಲಸವೇ ಸರಿ. ಆರಂಭದ ದಾಸ್ತಾನನ್ನು ಅದೇ ಬಗೆಯ ಜನವಸತಿಯಿರುವ ಇನ್ನೊಂದು ಶಾಖೆಯ ಮಾರಾಟದ ಆಧಾರದಲ್ಲಿ ನಿರ್ಧರಿಸಿ, ಒಂದಿಷ್ಟು ರ್ಯಾಕುಗಳ ಆಯ್ಕೆಯನ್ನು ಶಾಖೆಯ ವ್ಯವಸ್ಥಾಪಕರ ವಿವೇಚನೆಗೆ ಬಿಡುವುದು ಸೂಕ್ತ. ಯಾವ ಸರಕು ಆ ಬೀದಿಯಲ್ಲಿ ಓಡುತ್ತದೆ ಎಂಬುದು ಮೊದಲು ಗೊತ್ತಾಗುವುದು ಅವರಿಗೇ.

ಹೆಜ್ಜೆ 8: ಸಿಬ್ಬಂದಿ

ವ್ಯವಸ್ಥಾಪಕರನ್ನು ಎಲ್ಲರಿಗಿಂತ ಮೊದಲು, ಸಾಧ್ಯವಾದರೆ ಒಳಾಂಗಣದ ಕೆಲಸ ಶುರುವಾಗುವ ಮುನ್ನವೇ ನೇಮಿಸಿ. ಉಳಿದವರು ಮಳಿಗೆ ತೆರೆಯುವ ಆರೆಂಟು ವಾರ ಮುಂಚೆ ಬಂದು, ಅದರಲ್ಲಿ ಎರಡು ವಾರವನ್ನಾದರೂ ನಡೆಯುತ್ತಿರುವ ಇನ್ನೊಂದು ಶಾಖೆಯಲ್ಲಿ ಕಳೆಯಲಿ. ಸುತ್ತಮುತ್ತಲಿನವರನ್ನೇ ತೆಗೆದುಕೊಳ್ಳುವುದು ಒಳ್ಳೆಯದು, ಗಿರಾಕಿಗಳನ್ನು ಹೆಸರು ಹಿಡಿದು ಮಾತನಾಡಿಸುವವರಿಗೆ ಯಾವ ತರಬೇತಿಯೂ ಸಾಟಿಯಲ್ಲ. ಪ್ರಧಾನ ಕಚೇರಿಯ ನಡಾವಳಿಯನ್ನು ಕಣ್ಣುಮುಚ್ಚಿ ಹೇರುವ ಮುನ್ನ ವಾಲ್‌ಮಾರ್ಟ್‌ನ ಜರ್ಮನಿಯ ಅನುಭವವನ್ನು ನೆನೆಯಬಹುದು: 1997ರಲ್ಲಿ ಅಲ್ಲಿಗೆ ಹೋದ ಆ ಸಂಸ್ಥೆ 2006ರಲ್ಲಿ ಹೊರನಡೆಯಿತು. ಅಗ್ಗದ ದರದ ಸ್ಥಳೀಯ ಸರಣಿಗಳ ಪೈಪೋಟಿ ದೊಡ್ಡ ಕಾರಣವಾಗಿದ್ದರೂ, ಬಾಗಿಲಲ್ಲಿ ನಿಂತು ನಗುತ್ತಾ ಸ್ವಾಗತಿಸುವ ಅದರ ಪದ್ಧತಿ ಅಲ್ಲಿನವರಿಗೆ ಹಿಡಿಸಲಿಲ್ಲ ಎಂಬುದು ವ್ಯಾಪಕವಾಗಿ ವರದಿಯಾಗಿತ್ತು.

ಹೆಜ್ಜೆ 9: ಬಾಗಿಲು ತೆರೆಯುವುದು

ಸದ್ದಿಲ್ಲದೆ ತೆರೆಯಿರಿ. ಘೋಷಿತ ದಿನಕ್ಕಿಂತ ಹತ್ತು ದಿನ ಮೊದಲು, ವಾರದ ನಡುವಿನ ಒಂದು ಬೆಳಗ್ಗೆ ಷಟರ್ ಎತ್ತಿ ವ್ಯಾಪಾರ ಶುರುಮಾಡಿದರೆ ಕಾರ್ಡ್ ಯಂತ್ರ ಕೈಕೊಡುವುದು, ಚಿಲ್ಲರೆ ಸಾಲದಿರುವುದು, ಇಂಟರ್ನೆಟ್ ಹೋದಾಗ ಬಿಲ್ ಹೇಗೆಂದು ತೋಚದಿರುವುದು ಇವೆಲ್ಲ ಹತ್ತು ಜನರ ಮುಂದೆ ಬಯಲಾಗುತ್ತವೆ, ಸಾವಿರ ಜನರ ಮುಂದಲ್ಲ. ಉದ್ಘಾಟನೆಯ ರಿಯಾಯಿತಿ ಮಿತವಾಗಿರಲಿ. ಅಸಲಿಗಿಂತ ಕಡಿಮೆಗೆ ಮಾರಿ ಸೇರಿಸಿದ ಜನ, ಬೆಲೆ ಮಾಮೂಲಿಗೆ ಬಂದ ದಿನವೇ ಕರಗುತ್ತಾರೆ, ಜೊತೆಗೆ ನಿಮ್ಮ ಮೊದಲ ತಿಂಗಳ ಅಂಕಿಗಳನ್ನೂ ಕೆಡಿಸಿಹೋಗುತ್ತಾರೆ.

ಹೆಜ್ಜೆ 10: ಮೊದಲ ಮೂರು ತಿಂಗಳು

ಮೊದಲ ಎರಡು ವಾರದ ಮಾರಾಟವನ್ನು ನಂಬಬೇಡಿ, ಅದು ಕುತೂಹಲದ ಮಾರಾಟ. ಮೂರನೆಯ ವಾರದಿಂದ ನಾಲ್ಕು ಅಂಕಿಗಳನ್ನು ಪ್ರತಿದಿನ ಬರೆದಿಡಿ: ಒಳಬಂದವರು, ಬಿಲ್ ಮಾಡಿಸಿದವರು, ಸರಾಸರಿ ಬಿಲ್ಲಿನ ಮೊತ್ತ, ಮತ್ತು ಕೇಳಿದರೂ ಇಲ್ಲವೆಂದು ಹೇಳಬೇಕಾದ ಸರಕುಗಳು. ಮಾರಾಟ ಕುಗ್ಗಿದಾಗ ಕಾರಣ ಈ ನಾಲ್ಕರಲ್ಲಿ ಎಲ್ಲಿದೆಯೆಂದು ನೋಡಿದರೆ ಮದ್ದು ತಾನಾಗಿ ತಿಳಿಯುತ್ತದೆ. ಒಳಬರುವವರೇ ಕಡಿಮೆಯಾದರೆ ಬೋರ್ಡು, ಗಾಜಿನ ಮುಂಭಾಗ ಮತ್ತು ಬೆಳಕನ್ನು ಗಮನಿಸಿ; ಬಂದವರು ಬರಿಗೈಯಲ್ಲಿ ಹೋಗುತ್ತಿದ್ದರೆ ಸರಕು, ಬೆಲೆ ಅಥವಾ ಗಲ್ಲಾದ ಸಾಲಿನಲ್ಲಿ ತಪ್ಪಿದೆ. ದಾಸ್ತಾನಿನ ಸೋರಿಕೆಯನ್ನು, ಅಂದರೆ ದಾಖಲೆಯಲ್ಲಿರುವುದಕ್ಕಿಂತ ಕಡಿಮೆ ಬಿದ್ದ ಸರಕನ್ನು, ತಿಂಗಳಿಗೊಮ್ಮೆ ಎಣಿಸಿ, ಬಂದ ಅಂತರ ಕಳವಿನದೋ ದಾಖಲೆಯ ತಪ್ಪಿನದೋ ಎಂದು ಬೇರ್ಪಡಿಸಿ.

ಹದಿಮೂರನೆಯ ವಾರದಲ್ಲಿ, ಎರಡನೆಯ ಹೆಜ್ಜೆಯಲ್ಲಿ ಬಳಸಿದ ಅದೇ ನೋಟ್‌ಬುಕ್ ಹಿಡಿದು, ವಾರದ ಅದೇ ದಿನಗಳಂದು ಅದೇ ಗಂಟೆಗಳಲ್ಲಿ ಬೀದಿಯ ಬದಿಯಲ್ಲಿ ಮತ್ತೊಮ್ಮೆ ನಿಂತು ಎಣಿಸಿ. ಹಾದುಹೋಗುವವರ ಸಂಖ್ಯೆ ಹೆಚ್ಚಿದೆಯೇ, ಜನ ಬೀದಿ ದಾಟಿ ನಿಮ್ಮ ಬದಿಗೆ ಬರುತ್ತಿದ್ದಾರೆಯೇ, ಪಕ್ಕದ ಅಂಗಡಿಗಳಿಗೂ ಹೋಗುತ್ತಿದ್ದಾರೆಯೇ ಎಂಬುದನ್ನು ಹಳೆಯ ಪುಟದ ಎದುರು ಪುಟದಲ್ಲೇ ಬರೆಯಿರಿ. ಕರಾರಿನಿಂದ ಬಿಡುಗಡೆ ಪಡೆಯಲು ನೋಟಿಸ್ ಕೊಡಬೇಕಾದ ಕೊನೆಯ ದಿನಾಂಕವನ್ನೂ ಅದೇ ಪುಟದ ಮೇಲ್ಭಾಗದಲ್ಲಿ ಗುರುತು ಹಾಕಿಡಿ.